ಕನ್ನಡ ಫ್ಲೆಕ್ಸುಗಳ ಸಾಂಸ್ಕೃತಿಕ ಅಧ್ಯಯನ

ಎಂ. ಚಿದಾನಂದಮೂರ್ತಿಯವರು ಕ್ರಿ.ಶ. 450ರಿಂದ 1150ರವರೆಗಿನ ಕನ್ನಡ ಶಾಸನಗಳನ್ನು ಸಾಂಸ್ಕೃತಿಕವಾಗಿ ಅಧ್ಯಯನ ಮಾಡಿ ಮಹಾಪ್ರಬಂಧ ಬರೆದರು. ಅವರಿಗಿಂತ ಮೊದಲು ಬಿ.ಎಲ್. ರೈಸ್ ಹಳೆಯ ಮೈಸೂರು ಸೀಮೆಯನ್ನು ಜಾಲಾಡಿ ಒಂಬತ್ತು ಸಾವಿರದಷ್ಟು ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಿಗೆ ಸೇರಿಸಿದ್ದರು. ಇಬ್ಬರು ಹಿರಿಯರಿಗೂ ಅಡ್ಡಬಿದ್ದೆ. ಆದರೂ ಇಬ್ಬರ ದೃಷ್ಟಿ ಕಲ್ಲು ಮತ್ತು ತಾಮ್ರವನ್ನು ದಾಟಲಿಲ್ಲ ಎಂಬ ಕೊರತೆಯನ್ನು ಶಾಸ್ತ್ರದ ಹಿತದೃಷ್ಟಿಯಿಂದ ದಾಖಲಿಸಲೇಬೇಕಾಗಿದೆ. ಪ್ಲಾಸ್ಟಿಕ್ ಹಾಳೆಯ ಮೇಲೆ, ಚದರಡಿ ಲೆಕ್ಕದಲ್ಲಿ, ಕಣ್ಣು ಕುಕ್ಕುವ ಬಣ್ಣಗಳಲ್ಲಿ ಹೊರಬರುತ್ತಿರುವ ಶಾಸನಗಳು ನಾಡಿನ ಕಂಬಕಂಬಕ್ಕೂ ತೂಗುತ್ತಿದ್ದರೂ ಅವುಗಳ ಒಂದೇ ಒಂದು ಸಂಪುಟ ನನ್ನ ಕಣ್ಣಿಗೆ ಬಿದ್ದಿಲ್ಲ. ಆ ಋಣವನ್ನು ತೀರಿಸಲು ಪ್ರಸ್ತುತ ಪ್ರಬಂಧಕಾರ ಸೊಂಟ ಕಟ್ಟಿದ್ದಾನೆ.

ರೈಸ್ ಊರೂರು ಅಲೆದರು. ನನಗೆ ಹಾಲು ತರಲು ಹೋಗುವ ದಾರಿಯೇ ಸಾಕಾಯಿತು. ಮನೆಯಿಂದ ಸರ್ಕಲ್‌ವರೆಗಿನ ಆ ರಸ್ತೆಯಲ್ಲಿ ಎರಡು ಹುಟ್ಟುಹಬ್ಬ, ಒಂದು ನೇಮಕ, ಒಂದು ಶ್ರದ್ಧಾಂಜಲಿ, ಒಂದು ಅಯ್ಯಪ್ಪ ಪೂಜೆ ಮತ್ತು ಕಾರ್ಯಕ್ರಮವೇ ಮುಗಿದುಹೋದ ಒಂದು ಕನ್ನಡ ರಾಜ್ಯೋತ್ಸವ ಏಕಕಾಲಕ್ಕೆ ನಡೆಯುತ್ತಿರುತ್ತವೆ. ಇವನ್ನು ಪ್ರತಿ ಎತ್ತಿಕೊಳ್ಳಲು ನಿಂತಾಗ ಎಳನೀರಿನವರು ‘ಏನ್ ಸಾರ್, ನಿಮ್ಮ ಫೋಟೋನೂ ಹಾಕ್ಸಿದೀರಾ?’ ಎಂದು ಕೇಳಿದರು. ಕ್ಷೇತ್ರಕಾರ್ಯದಲ್ಲಿ ಇಂಥ ಅಡಚಣೆಗಳು ಸಹಜ.

ಕಾಲನಿರ್ಣಯ

ಫ್ಲೆಕ್ಸ್ ಪೂರ್ವ ಯುಗವನ್ನು ವಿದ್ವಾಂಸರು ಪೇಂಟರ್ ಯುಗವೆಂದು ಕರೆಯಬಹುದು. ಆಗ ಬಟ್ಟೆಯ ಬ್ಯಾನರಿತ್ತು, ಸುಣ್ಣ ಬಳಿದ ಗೋಡೆಯಿತ್ತು, ನೀಲಿ ಮತ್ತು ಕೆಂಪು ಬಣ್ಣದ ಡಬ್ಬಗಳಿದ್ದವು. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ ನಿಲ್ಲುತ್ತಿದ್ದ ಕಟೌಟುಗಳನ್ನು ಮನುಷ್ಯರೇ ಸಾರುವೆ ಹತ್ತಿ ಬರೆಯುತ್ತಿದ್ದರು. ರಾಜ್‌ಕುಮಾರ್ ಮೂಗು ತಪ್ಪಾದರೆ ಅಭಿಮಾನಿಗಳು ಪೇಂಟರನ್ನು ಬಿಡುತ್ತಿರಲಿಲ್ಲ. ಆದ್ದರಿಂದ ಅಂದಿನ ನಾಯಕನಿಗೂ ಅವನ ಚಿತ್ರಕ್ಕೂ ನಡುವೆ ಒಬ್ಬ ಕಲಾವಿದ ಇರುತ್ತಿದ್ದ, ಅವನಿಗೆ ಸಮಯ ಬೇಕಾಗುತ್ತಿತ್ತು, ಸಮಯಕ್ಕೆ ದುಡ್ಡು ಬೇಕಾಗುತ್ತಿತ್ತು. ಪರಿಣಾಮವಾಗಿ ಊರಿಗೆ ನಾಯಕರು ನಾಲ್ಕೋ ಐದೋ ಮಾತ್ರ ಇರುತ್ತಿದ್ದರು.

ಈ ಶತಮಾನದ ಮೊದಲ ದಶಕದಲ್ಲಿ ದೊಡ್ಡ ಪ್ರಿಂಟಿಂಗ್ ಯಂತ್ರಗಳು ಜಿಲ್ಲಾ ಕೇಂದ್ರಕ್ಕೆ, ಆಮೇಲೆ ತಾಲ್ಲೂಕು ಕೇಂದ್ರಕ್ಕೆ ಬಂದವು. ಸಂಜೆ ಫೋಟೋ ಕಳಿಸಿದರೆ ಬೆಳಿಗ್ಗೆ ರೀಪಿನ ಚೌಕಟ್ಟಿಗೆ ಮೊಳೆ ಹೊಡೆದು ನಿಲ್ಲಿಸುವ ಸೌಕರ್ಯ ಉಂಟಾಯಿತು. ನಾಯಕರ ಸಂಖ್ಯೆ ಆ ರಾತ್ರಿಯಿಂದಲೇ ಏರತೊಡಗಿತು ಎಂಬುದಕ್ಕೆ ಕಂಬಗಳೇ ಸಾಕ್ಷಿ. ಇಲ್ಲಿ ಒಂದು ಪೂರ್ವಪಕ್ಷ ಏಳುತ್ತದೆ. ನಾಯಕರು ಹೆಚ್ಚಿದ್ದರಿಂದ ಫ್ಲೆಕ್ಸ್ ಹೆಚ್ಚಿದವೋ, ಫ್ಲೆಕ್ಸ್ ಹೆಚ್ಚಿದ್ದರಿಂದ ನಾಯಕರು ಹೆಚ್ಚಿದರೋ? ಎರಡನೆಯದೇ ಸಿದ್ಧಾಂತವೆಂದು ಮುಂದೆ ತೋರಿಸಲಾಗುವುದು. ಬಣ್ಣದ ಡಬ್ಬ ಹಿಡಿದಿದ್ದ ಪೇಂಟರುಗಳು ಎಲ್ಲಿಗೆ ಹೋದರೆಂಬುದನ್ನು ಯಾವ ಶಾಸನವೂ ಹೇಳುವುದಿಲ್ಲ. ನನಗೆ ಗೊತ್ತಿದ್ದ ಒಬ್ಬರು ಲಾರಿಗಳ ಹಿಂದೆ ‘ಸೌಂಡ್ ಹಾರನ್’ ಬರೆಯುತ್ತಿದ್ದಾರೆ. ಅಕ್ಷರ ಈಗಲೂ ಮುತ್ತಿನಂತಿದೆ.

ವೀರಗಲ್ಲಿನ ವಿನ್ಯಾಸ

ಫ್ಲೆಕ್ಸಿನ ರಚನೆ ಎಲ್ಲಿಂದ ಬಂತು ಎಂಬುದು ಜಟಿಲವಾದ ಪ್ರಶ್ನೆ. ಬಲ್ಲವರು ಸಿನಿಮಾ ಪೋಸ್ಟರಿನತ್ತ ಕೈ ತೋರಿಸುತ್ತಾರೆ. ಅದು ಸರಿಯಲ್ಲ. ನಮ್ಮ ವೀರಗಲ್ಲನ್ನು ಒಮ್ಮೆ ನೋಡಿ. ಸಾಮಾನ್ಯವಾಗಿ ಮೂರು ಹಂತ. ಕೆಳಗಿನ ಹಂತದಲ್ಲಿ ಕಾದಾಟ, ತುರುಗಳು, ಬಿದ್ದ ಹೆಣಗಳು. ನಡುವಿನ ಹಂತದಲ್ಲಿ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲಿನ ಹಂತದಲ್ಲಿ ಕೈಲಾಸ, ಅಲ್ಲಿ ಅವನು ದೇವರ ಸನ್ನಿಧಿಯಲ್ಲಿ ಕೂತಿರುತ್ತಾನೆ. ತಲೆಯ ಮೇಲೆ ಸೂರ್ಯ ಮತ್ತು ಚಂದ್ರ.

ಈಗ ಸರ್ಕಲ್ಲಿನ ಫ್ಲೆಕ್ಸಿಗೆ ಬನ್ನಿ. ಕೆಳಗಿನ ಹಂತದಲ್ಲಿ ಕಾದಾಡುವ ಹುಡುಗರು, ಒಬ್ಬೊಬ್ಬರದೂ ಪಾಸ್‌ಪೋರ್ಟ್ ಅಳತೆ. ನಡುವೆ ಎಂಟಡಿ ಎತ್ತರದ ನಾಯಕ, ಬಿಳಿ ಅಂಗಿ, ಹೆಗಲಿಗೆ ಶಾಲು. ಮೇಲಿನ ಹಂತದಲ್ಲಿ ಕೈಲಾಸ, ಅಂದರೆ ದೆಹಲಿ. ಎರಡು ತುದಿಗಳಲ್ಲಿ ಎರಡು ದುಂಡು ಮುಖ, ಸೂರ್ಯ ಮತ್ತು ಚಂದ್ರ. ‘ಆಚಂದ್ರಾರ್ಕ’ವಾಗಿ ನಿಲ್ಲಲಿ ಎಂಬ ಹಳೆಯ ಆಶಯವನ್ನು ಈಗ ಹೈಕಮಾಂಡ್ ಇರುವವರೆಗೆ ಎಂದು ಅರ್ಥೈಸಿಕೊಳ್ಳಬೇಕು. ಪಕ್ಷ ಬದಲಾದರೆ ಸೂರ್ಯಚಂದ್ರರನ್ನು ಬದಲಾಯಿಸಿದರೆ ಸಾಕು, ಕೆಳಗಿನ ನಾಯಕನ ಫೋಟೋ ಅದೇ ಇರುತ್ತದೆ. 2019ರಲ್ಲಿ ಹದಿನೇಳು ಶಾಸಕರು ಅನರ್ಹರಾಗಿ, ಅವರಲ್ಲಿ ಹೆಚ್ಚಿನವರು ಪಕ್ಷ ಬದಲಿಸಿದಾಗ ನಾಡಿನ ಹಲವು ಕ್ಷೇತ್ರಗಳಲ್ಲಿ ಇಂಥ ಖಗೋಳ ವಿದ್ಯಮಾನ ಕಾಣಿಸಿತು. ಪಂಚಾಂಗದಲ್ಲಿ ಅದರ ಸೂಚನೆ ಇರಲಿಲ್ಲ.

ಸೂರ್ಯಚಂದ್ರರ ಕೆಳಗೆ ನಕ್ಷತ್ರಗಳ ಒಂದು ಸಾಲಿರುತ್ತದೆ. ಬುದ್ಧ, ಬಸವಣ್ಣ, ಅಂಬೇಡ್ಕರ್, ಕೆಂಪೇಗೌಡ, ಸಂಗೊಳ್ಳಿ ರಾಯಣ್ಣ, ಕುವೆಂಪು, ಮಠದ ಶ್ರೀಗಳು. ಇವರಲ್ಲಿ ಯಾರು ಯಾರ ಪಕ್ಕ ಕೂತಿದ್ದಾರೆಂಬುದನ್ನು ನೋಡಿ ಕ್ಷೇತ್ರದ ಜಾತಿವಾರು ಮತದಾರರ ಲೆಕ್ಕವನ್ನು ಅಂದಾಜಿಸಬಹುದು. ಇಡೀ ನಾಡಿನಲ್ಲಿ ಯಾವ ಲೆಕ್ಕಕ್ಕೂ ಸಿಗದೆ ಎಲ್ಲ ಫ್ಲೆಕ್ಸಿನಲ್ಲೂ ನಗುವವರು ಒಬ್ಬರೇ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಗಣೇಶನ ಪೆಂಡಾಲಿನಲ್ಲಿ, ಅಣ್ಣಮ್ಮನ ಉತ್ಸವದಲ್ಲಿ, ರಕ್ತದಾನ ಶಿಬಿರದಲ್ಲಿ, ಮೊಟ್ಟೆ ಅಂಗಡಿಯ ಬೋರ್ಡಿನಲ್ಲಿ ಅಪ್ಪು ಇದ್ದಾರೆ. ಅವರನ್ನು ಹಾಕಿಸಿದವರಿಗೆ ಟಿಕೆಟ್ ಸಿಗುವುದಿಲ್ಲ, ಟೆಂಡರ್ ಸಿಗುವುದಿಲ್ಲ. ಆದರೂ ಹಾಕಿಸುತ್ತಾರೆ. ಇದು ನನ್ನ ಸಿದ್ಧಾಂತಕ್ಕೆ ವಿರುದ್ಧವಾದ ಸಾಕ್ಷ್ಯವಾದ್ದರಿಂದ ಪ್ರಾಮಾಣಿಕ ಸಂಶೋಧಕರ ಪದ್ಧತಿಯಂತೆ ಬೇಗ ಮುಂದಕ್ಕೆ ಹೋಗುತ್ತೇನೆ.

ಮುದ್ರೆಗಳು

ಪ್ರತಿಮಾಶಾಸ್ತ್ರದಲ್ಲಿ ಅಭಯ, ವರದ, ಧ್ಯಾನ ಮುಂತಾದ ಮುದ್ರೆಗಳಿವೆ. ಫ್ಲೆಕ್ಸ್ ಶಾಸ್ತ್ರ ಇವುಗಳಲ್ಲಿ ಅಂಜಲಿಯನ್ನು ಉಳಿಸಿಕೊಂಡಿದೆ, ಚುನಾವಣೆಗೆ ಆರು ತಿಂಗಳಿರುವಾಗ ಅದು ಹೆಚ್ಚು. ಗೆದ್ದ ಮೇಲೆ ಅಂಜಲಿ ಸಡಿಲವಾಗಿ ಒಂದು ಕೈ ಮೇಲೇಳುತ್ತದೆ, ಅದು ಅಭಯ. ನಮ್ಮ ಕಾಲದ ಸ್ವತಂತ್ರ ಕೊಡುಗೆಯೆಂದರೆ ಫೋನ್ ಮುದ್ರೆ. ಬಲಗೈಯಲ್ಲಿ ಮೊಬೈಲು ಕಿವಿಗೆ, ದೃಷ್ಟಿ ದೂರದಲ್ಲಿ, ಹುಬ್ಬು ಕೊಂಚ ಗಂಟು. ‘ಆಯ್ತು, ನಾನು ಡಿಸಿ ಹತ್ರ ಮಾತಾಡ್ತೀನಿ’ ಎಂದು ಹೇಳುತ್ತಿರುವ ಭಾವ. ಅತ್ತ ಕಡೆ ಯಾರೂ ಇರುವುದಿಲ್ಲ, ಫೋಟೋ ಸ್ಟುಡಿಯೋದಲ್ಲಿ ತೆಗೆದದ್ದು. ನಡೆದುಬರುತ್ತಿರುವ ಭಂಗಿ, ಕಪ್ಪು ಕನ್ನಡಕ, ಹಿಂದೆ ಬಿಳಿ ಕಾರು ಇರುವುದು ಇದರ ಉಪಭೇದ. ಇದನ್ನು ಮೂವತ್ತೈದರ ಒಳಗಿನವರು ಬಳಸುತ್ತಾರೆ. ಕಾರು ಸ್ವಂತದ್ದೇ ಆಗಬೇಕೆಂಬ ನಿಯಮವಿಲ್ಲ.

ಬಿರುದಾವಳಿ

ಇನ್ನು ಈ ಶಾಸ್ತ್ರದ ಹೃದಯಭಾಗ. ಕಲ್ಯಾಣದ ಚಾಲುಕ್ಯರು ತಮ್ಮನ್ನು ಸಮಸ್ತಭುವನಾಶ್ರಯ, ಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ ಎಂದು ಕರೆಸಿಕೊಂಡರು. ಹೊಯ್ಸಳರಿಗೆ ಮಲೆಪರೊಳ್ಗಂಡ, ಗಿರಿದುರ್ಗಮಲ್ಲ ಮುಂತಾದವುಗಳ ಜೊತೆಗೆ ಶನಿವಾರಸಿದ್ಧಿ ಎಂಬ ಬಿರುದೂ ಇತ್ತು. ಶನಿವಾರ ಅರ್ಧ ದಿನ ಕೆಲಸವಿದ್ದ ಕಾಲದ ಸರ್ಕಾರಿ ನೌಕರರು ಇದನ್ನು ಗಮನಿಸಬೇಕು. ವಿಜಯನಗರದವರು ಮೂರುರಾಯರ ಗಂಡರಾದರು, ಭಾಷೆಗೆ ತಪ್ಪುವ ರಾಯರ ಗಂಡರೂ ಆದರು. ಈ ಕೊನೆಯ ಬಿರುದಿಗೆ ಕೊಟ್ಟ ಮಾತಿಗೆ ತಪ್ಪಿದ ಅರಸರನ್ನು ದಂಡಿಸುವವನು ಎಂದು ಅರ್ಥ. ಆರುನೂರು ವರ್ಷ ಎಲ್ಲ ಬಿರುದುಗಳಿಗೂ ಹಕ್ಕುದಾರರು ಸಿಕ್ಕಿದ್ದಾರೆ, ಇದೊಂದು ಮಾತ್ರ ಸದ್ಯ ಖಾಲಿ ಬಿದ್ದಿದೆ. ಪ್ರಣಾಳಿಕೆ ಸಮಿತಿಯವರು ಬೇಕಾದರೆ ತೆಗೆದುಕೊಳ್ಳಬಹುದು.

ನಮ್ಮ ಕಾಲದ ಬಿರುದುಗಳು ಎರಡು ಕಾರ್ಖಾನೆಗಳಲ್ಲಿ ತಯಾರಾಗುತ್ತವೆ, ಒಂದು ಗಾಂಧಿನಗರ, ಇನ್ನೊಂದು ವಿಧಾನಸೌಧ. ಗಾಂಧಿನಗರದ ಬಿರುದುಗಳು ಮೊದಲು ಶುದ್ಧ ಸಂಸ್ಕೃತದಲ್ಲಿದ್ದವು. ನಟಸಾರ್ವಭೌಮ, ಸಾಹಸಸಿಂಹ ಎಂದರೆ ಹಳೆಯ ಶಾಸನಕವಿ ಕೂಡ ತಲೆದೂಗುತ್ತಿದ್ದ. ಮುಂದೆ ನಕ್ಷತ್ರಯುಗ ಆರಂಭವಾಯಿತು. ರೆಬೆಲ್ ಸ್ಟಾರ್, ಕ್ರೇಜಿ ಸ್ಟಾರ್, ರಿಯಲ್ ಸ್ಟಾರ್, ಪವರ್ ಸ್ಟಾರ್, ಗೋಲ್ಡನ್ ಸ್ಟಾರ್, ಚಾಲೆಂಜಿಂಗ್ ಸ್ಟಾರ್, ರಾಕಿಂಗ್ ಸ್ಟಾರ್. ಗುಣವಾಚಕಗಳು ಮುಗಿಯುತ್ತ ಬಂದಿವೆ. ಇನ್ನೊಂದು ತಲೆಮಾರಿಗೆ ನಿಘಂಟಿನಲ್ಲಿ ಉಳಿಯುವುದು ಅಸಿಸ್ಟೆಂಟ್ ಸ್ಟಾರ್, ಟೆಂಪರರಿ ಸ್ಟಾರ್ ಮಾತ್ರ ಎಂಬ ಭಯವಿದೆ.

ವಿಧಾನಸೌಧದ ಬಿರುದುಗಳು ಮಾತ್ರ ನಿಸರ್ಗಕ್ಕೆ ಹತ್ತಿರ. ಇಲ್ಲಿ ಪ್ರಾಣಿವರ್ಗ, ಖನಿಜವರ್ಗ, ಮೃತ್ತಿಕಾವರ್ಗ ಎಂದು ಮೂರು. ಯಡಿಯೂರಪ್ಪನವರು ರಾಜಾಹುಲಿ. ಸಿದ್ದರಾಮಯ್ಯನವರು ಟಗರು, ಸಭೆಯಲ್ಲಿ ಅಭಿಮಾನಿಯೊಬ್ಬರ ಕೂಗಿನಿಂದಾಗಿ ಹುಲಿಯಾ ಕೂಡ ಆಗಿದ್ದಾರೆ, ಒಂದೇ ದೇಹದಲ್ಲಿ ಸಸ್ಯಾಹಾರಿಯೂ ಮಾಂಸಾಹಾರಿಯೂ ನೆಲೆಸಿರುವ ಈ ಅಪೂರ್ವ ನಿದರ್ಶನವನ್ನು ಪ್ರಾಣಿಶಾಸ್ತ್ರಜ್ಞರಿಗೆ ಬಿಡುತ್ತೇನೆ. ಡಿ.ಕೆ. ಶಿವಕುಮಾರ್ ಕನಕಪುರದ ಬಂಡೆ. ದೇವೇಗೌಡರು ಮಣ್ಣಿನ ಮಗ. ರಾಜಾಹುಲಿ ಮತ್ತು ಟಗರು ಸಿನಿಮಾ ಹೆಸರುಗಳೂ ಹೌದು, ಅಂದರೆ ಎರಡು ಕಾರ್ಖಾನೆಗಳ ನಡುವೆ ಸರಕು ಸಾಗಣೆ ನಿರಂತರವಾಗಿದೆ. ಹುಲಿ ಪರದೆಯ ಮೇಲೆ ಎದ್ದರೆ ಶಿಕಾರಿಪುರದಲ್ಲಿ ಗರ್ಜನೆ ಕೇಳುತ್ತದೆ.

‘ಸೋಲಿಲ್ಲದ ಸರದಾರ’ ಎಂಬ ಬಿರುದಿನ ಚರಿತ್ರೆ ಬೇರೆಯೇ ಅಧ್ಯಾಯಕ್ಕೆ ಯೋಗ್ಯ. ಬಂಗಾರಪ್ಪನವರಿಗಿತ್ತು, ಮಲ್ಲಿಕಾರ್ಜುನ ಖರ್ಗೆಯವರಿಗೂ ಇತ್ತು. ಖರ್ಗೆಯವರು 2019ರಲ್ಲಿ ಕಲಬುರಗಿಯಲ್ಲಿ ಸೋತರು. ಬಿರುದು ಸೋಲಲಿಲ್ಲ, ಆಮೇಲೂ ಕೆಲವು ಫ್ಲೆಕ್ಸುಗಳಲ್ಲಿ ಹಾಗೇ ನಿಂತಿತ್ತು. ಕಲ್ಲಿನ ಶಾಸನಗಳಲ್ಲೂ ಹೀಗೇ. ರಾಜ್ಯ ಕೈಬಿಟ್ಟು ಹೋದ ಮೇಲೂ ಅರಸರು ಆ ರಾಜ್ಯದ ಅಧೀಶ್ವರರೆಂದು ಬರೆಸಿಕೊಳ್ಳುತ್ತಿದ್ದರು. ಇತಿಹಾಸಕಾರರು ಇದರಿಂದ ಗೊಂದಲಕ್ಕೆ ಬೀಳುತ್ತಾರೆ, ಅರಸರು ಬೀಳುವುದಿಲ್ಲ.

ಪಾಠಾಂತರಗಳು

ಗ್ರಂಥಸಂಪಾದನೆ ಮಾಡುವವರಿಗೆ ಫ್ಲೆಕ್ಸು ಕಠಿಣ ಪರೀಕ್ಷೆ. ‘ಹಾರ್ದಿಕ ಶುಭಾಶಯಗಳು’ ಎಂಬ ಮೂಲಪಾಠ ಯಾವ ಪ್ರತಿಯಲ್ಲೂ ದೊರೆಯುವುದಿಲ್ಲ. ‘ಹಾರ್ಧಿಕ ಶುಭಾಷಯಗಳು’ ಎಂಬುದೇ ಬಹುಪ್ರತಿಗಳ ಪಾಠ. ಇದನ್ನು ತಪ್ಪೆಂದು ಹೇಳುವ ಪಂಡಿತರಿದ್ದಾರೆ. ಅವಸರ ಬೇಡ. ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಇಲ್ಲದ ಕಡೆ ಮಹಾಪ್ರಾಣ ಬರುತ್ತದೆ. ಅದೇ ಅಂಗಡಿಯಲ್ಲಿ, ಅದೇ ಹುಡುಗ ಕೂಡಿಸುವ ನಿಧನದ ಫ್ಲೆಕ್ಸಿನಲ್ಲಿ ‘ಬಾವಪೂರ್ಣ ಶ್ರದ್ದಾಂಜಲಿ’ ಎಂದು ಇರುವ ಮಹಾಪ್ರಾಣವೂ ಹೋಗಿರುತ್ತದೆ. ಹುಟ್ಟಿದವನಿಗೆ ಪ್ರಾಣ ಕೊಟ್ಟು, ಸತ್ತವನಿಂದ ಪ್ರಾಣ ತೆಗೆಯುವ ಈ ವ್ಯಾಕರಣವನ್ನು ಕೇಶಿರಾಜ ಕೂಡ ಕಂಡಿರಲಿಲ್ಲ.

ಲಿಪಿಯಲ್ಲೂ ಒಂದು ಬೆಳವಣಿಗೆ ಆಗಿದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ಅಂದಿನ ಮುಖ್ಯಮಂತ್ರಿಗಳ ಮುಖವುಳ್ಳ ‘ಪೇಸಿಎಂ’ ಪೋಸ್ಟರುಗಳು ಕಾಣಿಸಿಕೊಂಡವು. ಅವುಗಳ ನಡುವೆ ಕಪ್ಪುಬಿಳುಪಿನ ಚೌಕ, ಅದನ್ನು ಓದಲು ಮೊಬೈಲು ಬೇಕು. ಬ್ರಾಹ್ಮಿಯಿಂದ ಕನ್ನಡಕ್ಕೆ ಬರಲು ಶತಮಾನಗಳು ಬೇಕಾಗಿದ್ದವು, ಕನ್ನಡದಿಂದ ಕ್ಯೂಆರ್ ಕೋಡಿಗೆ ಒಂದೇ ರಾತ್ರಿ ಸಾಕಾಯಿತು. ಅಂದು ಆ ಲಿಪಿಯಲ್ಲಿ ಬರೆದವರು ವಿರೋಧ ಪಕ್ಷದಲ್ಲಿದ್ದರು. ಅವರು ಅಧಿಕಾರಕ್ಕೆ ಬಂದ ಮೇಲೆ ಎದುರು ಪಾಳಯದವರೂ ಪೋಸ್ಟರ್ ಕಲೆಯನ್ನು ಕಲಿತರು. ವಿದ್ಯೆ ಯಾರ ಸ್ವತ್ತೂ ಅಲ್ಲ.

ಶುಭ ಕೋರುವವರು

ಕ್ರಿ.ಶ. 634ರಲ್ಲಿ ರವಿಕೀರ್ತಿ ಐಹೊಳೆಯ ಮೇಗುತಿಯಲ್ಲಿ ಇಮ್ಮಡಿ ಪುಲಿಕೇಶಿಯ ಪ್ರಶಸ್ತಿಯನ್ನು ಬರೆದ. ಹರ್ಷನನ್ನು ಹಿಮ್ಮೆಟ್ಟಿಸಿದ್ದು ಪುಲಿಕೇಶಿ. ಆದರೆ ಶಾಸನದ ಕೊನೆಗೆ ಬಂದರೆ ಕಾಳಿದಾಸ ಮತ್ತು ಭಾರವಿಯರಷ್ಟು ಕೀರ್ತಿ ಪಡೆದವನು ರವಿಕೀರ್ತಿ ಎಂದು ತಿಳಿಯುತ್ತದೆ. ಹೊಗಳಿಸಿಕೊಂಡವನ ಪಕ್ಕದಲ್ಲೇ ಹೊಗಳಿದವನ ಹೆಸರೂ ನಿಲ್ಲಬೇಕು ಎಂಬ ನಿಯಮವನ್ನು ಕನ್ನಡ ನೆಲದಲ್ಲಿ ಇಷ್ಟು ಸ್ಪಷ್ಟವಾಗಿ ಹಾಕಿಕೊಟ್ಟವನು ಅವನು. ಫ್ಲೆಕ್ಸಿನ ತಳದಲ್ಲಿ ‘ಶುಭ ಕೋರುವವರು’ ಎಂದು ಸಾಲಾಗಿ ಕಾಣುವ ಮುಖಗಳೆಲ್ಲ ರವಿಕೀರ್ತಿಯ ವಂಶಸ್ಥರು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವೂ ಇಲ್ಲಿ ನೆನಪಾಗುತ್ತದೆ. ಅವನು ಶಿಷ್ಟರಿಗೆ ಪ್ರಿಯ, ದುಷ್ಟರಿಗೆ ದೂರ ಎಂದೆಲ್ಲ ಇದೆ. ಯಾವ ಹುದ್ದೆಯಲ್ಲಿದ್ದ ಎಂಬುದು ಮಾತ್ರ ಇಲ್ಲ. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ‘ಯುವ ಮುಖಂಡರು ಮತ್ತು ಸಮಾಜ ಸೇವಕರು’.

ಈ ಕುರಿತು ಹೆಚ್ಚಿನ ಮಾಹಿತಿಗಾಗಿ ಪ್ರಬಂಧಕಾರ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಒಂದು ಸಂಜೆ ಕೂತಿದ್ದ. ಕಂಪ್ಯೂಟರಿನ ಮುಂದಿದ್ದ ಹುಡುಗನಿಗೆ ಇತಿಹಾಸದ ಪದವಿಯಿದೆ. ‘ಸಾರ್, ಡಿಸೈನು ಹತ್ತು ನಿಮಿಷದ ಕೆಲಸ. ಕೆಳಗಡೆ ಫೋಟೋ ಸಾಲು ಕೂರಿಸೋದಕ್ಕೆ ಮೂರು ಗಂಟೆ’ ಎಂದ. ಅವನ ಬೆನ್ನಿಗೆ ಆರು ಜನ ನಿಂತಿದ್ದರು.

‘ಅಣ್ಣಾ, ನನ್ನ ಫೋಟೋ ಅವನಿಗಿಂತ ಚಿಕ್ಕದಾಯ್ತಲ್ಲ.’

‘ಅವನು ಐನೂರು ಹಾಕಿದಾನೆ ಕಣೋ, ನೀನು ಮುನ್ನೂರು.’

‘ಹಂಗಾದ್ರೆ ಕೂಲಿಂಗ್ ಗ್ಲಾಸ್ ಆದ್ರೂ ಹಾಕು.’

‘ಫೇಸ್ ಸ್ವಲ್ಪ ಬ್ರೈಟ್ ಮಾಡಣ್ಣ. ಅಣ್ಣಾವ್ರಿಗಿಂತ ಜಾಸ್ತಿ ಬೇಡ.’

ಈ ಕೊನೆಯ ವಾಕ್ಯದಲ್ಲಿ ರಾಜನೀತಿಶಾಸ್ತ್ರ ಪೂರ್ತಿಯಾಗಿ ಅಡಗಿದೆ. ನಾಯಕನಿಗಿಂತ ಬೆಳ್ಳಗಾಗಕೂಡದು, ಪಕ್ಕದವನಿಗಿಂತ ಕಪ್ಪಗಾಗಕೂಡದು. ಶಿಷ್ಟಾಚಾರ ಇಲಾಖೆಯವರು ಸರ್ಕಾರಿ ಆಹ್ವಾನ ಪತ್ರಿಕೆಯಲ್ಲಿ ಯಾರ ಹೆಸರು ಮೊದಲು ಎಂದು ತಲೆಕೆಡಿಸಿಕೊಳ್ಳುವುದನ್ನು ನಾವು ನೋಡಿದ್ದೇವೆ. ಆ ಕೆಲಸವನ್ನು ಈ ಹುಡುಗ ತಿಂಗಳಿಗೆ ಹನ್ನೆರಡು ಸಾವಿರಕ್ಕೆ ಮಾಡುತ್ತಾನೆ.

ಈಗ ಮುಖ್ಯ ಪ್ರಶ್ನೆ. ಫ್ಲೆಕ್ಸಿನ ಓದುಗ ಯಾರು? ಸಾರ್ವಜನಿಕರೆಂದು ಸಾಮಾನ್ಯರು ಭಾವಿಸುತ್ತಾರೆ. ಸಾರ್ವಜನಿಕರು ಅದರ ನೆರಳಲ್ಲಿ ಬಸ್ಸಿಗೆ ಕಾಯುತ್ತಾರೆ, ಅದರ ಹಿಂದೆ ಮೂತ್ರ ಮಾಡುತ್ತಾರೆ, ಓದುವುದಿಲ್ಲ. ನನ್ನ ಕ್ಷೇತ್ರಕಾರ್ಯದಲ್ಲಿ ಕಂಡದ್ದೇನೆಂದರೆ, ಫ್ಲೆಕ್ಸುಗಳು ಶಾಸಕರ ಮನೆಯಿಂದ ಮುಖ್ಯರಸ್ತೆಗೆ ಬರುವ ದಾರಿಯಲ್ಲಿ ದಟ್ಟವಾಗಿವೆ. ಅದರಲ್ಲೂ ರೋಡ್ ಹಂಪ್ ಇರುವ ಕಡೆ. ಹಂಪಿನಲ್ಲಿ ಕಾರು ನಿಧಾನವಾಗಲೇಬೇಕು. ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತ ಒಬ್ಬ ಮನುಷ್ಯನ ಕಣ್ಣು ಆ ಕ್ಷಣದಲ್ಲಿ ಎಡಕ್ಕೆ ಹೊರಳಬೇಕು, ಅಲ್ಲಿ ತಳದ ಸಾಲಿನಲ್ಲಿ ಎಡದಿಂದ ಮೂರನೆಯ ಮುಖವನ್ನು ಗುರುತಿಸಬೇಕು. ಎಂಟಡಿ ಅಗಲದ, ಹತ್ತಡಿ ಎತ್ತರದ ಈ ಮಹಾಶಾಸನ ಒಬ್ಬನೇ ಓದುಗನಿಗಾಗಿ ಬರೆದದ್ದು. ಕನ್ನಡದ ಕವನ ಸಂಕಲನಗಳಿಗೂ ಇದಕ್ಕಿಂತ ಹೆಚ್ಚು ಓದುಗರಿದ್ದಾರೆ. ಆ ಒಬ್ಬ ಓದುಗ ಆ ಹೊತ್ತಿನಲ್ಲಿ ಏನು ಮಾಡುತ್ತಿರುತ್ತಾನೆ? ಫೋನ್ ಮುದ್ರೆಯಲ್ಲಿರುತ್ತಾನೆ.

ಹೀಗಿದ್ದೂ ಹುಡುಗರು ಮುನ್ನೂರು ಐನೂರು ಯಾಕೆ ಹಾಕುತ್ತಾರೆ? ಅವರನ್ನು ನಕ್ಕು ತಳ್ಳಿಹಾಕುವುದು ಸುಲಭ. ಈ ಲೇಖನದಲ್ಲಿ ಇಷ್ಟು ಹೊತ್ತು ಅದನ್ನೇ ಮಾಡಿದ್ದೇನೆ. ಆದರೆ ಬೆಂಗಳೂರು ಪಾಲಿಕೆಯ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದದ್ದು 2021ರಲ್ಲಿ. ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಮೀಸಲಾತಿ ಪಟ್ಟಿ, ಕ್ಷೇತ್ರ ಪುನರ್ವಿಂಗಡಣೆ, ಕೋರ್ಟು, ಮತ್ತೆ ಹೊಸ ಪಟ್ಟಿ. ಪಕ್ಷ ಯಾವುದಿದ್ದರೂ ಶಾಸಕರಿಗೆ ಕೆಳಗೊಬ್ಬ ಚುನಾಯಿತ ಸದಸ್ಯ ಹುಟ್ಟದಿರುವುದು ಹಿತವೆನಿಸಿತು. ಏಣಿಯ ಕೆಳಗಿನ ಮೆಟ್ಟಿಲುಗಳನ್ನೇ ಕಿತ್ತಿಟ್ಟರೆ ವಾರ್ಡಿನಲ್ಲಿ ಚರಂಡಿ ನೀರು, ಬೀದಿದೀಪ ಎಂದು ಓಡಾಡುವ ಇಪ್ಪತ್ತಾರು ವರ್ಷದವನು ಎಲ್ಲಿ ಹೆಜ್ಜೆ ಇಡಬೇಕು? ಪಕ್ಷಕ್ಕೆ ಸೇರಲು ಪರೀಕ್ಷೆಯಿಲ್ಲ, ಅರ್ಜಿಯಿಲ್ಲ, ಸಂದರ್ಶನವಿಲ್ಲ. ಇರುವುದು ಕಂಬ. ‘ಭಾವಿ ಕಾರ್ಪೊರೇಟರ್’ ಎಂದು ಅವನು ಬರೆಸಿಕೊಳ್ಳುವುದು ಸೊಕ್ಕಿನಿಂದಲ್ಲ, ಚುನಾವಣೆ ಎಂಬುದೊಂದು ಇದೆ ಎಂದು ಸರ್ಕಾರಕ್ಕೆ ನೆನಪಿಸುತ್ತಿರುವವನು ಬೀದಿಯಲ್ಲಿ ಅವನೊಬ್ಬನೇ. ಅವನಿಗೆ ಮತಪೆಟ್ಟಿಗೆ ಕೊಡದೆ ಪ್ಲಾಸ್ಟಿಕ್ ಹಾಳೆ ಕೊಟ್ಟವರು ನಡುವಿನ ಹಂತದಲ್ಲಿ ಎಂಟಡಿ ಎತ್ತರಕ್ಕೆ ನಗುತ್ತಿದ್ದಾರೆ. ಮುಂಚೆ ತೋರಿಸುತ್ತೇನೆಂದ ಸಿದ್ಧಾಂತ ಇದೇ.

ಶಾಪಾಶಯ

ಹಲ್ಮಿಡಿಯಿಂದ ಹಿಡಿದು ನಮ್ಮ ದಾನಶಾಸನಗಳ ಕೊನೆಗೆ ಶಾಪವಿರುತ್ತದೆ. ಇದನ್ನು ಅಳಿದವನು ಮಹಾಪಾತಕಿ, ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪ ಅವನಿಗೆ, ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ, ಹೀಗೆ. ಫ್ಲೆಕ್ಸಿನಲ್ಲಿ ಶಾಪ ಬರೆದಿರುವುದಿಲ್ಲ, ಆದರೆ ಕೀಳಲು ಹೋದ ಪಾಲಿಕೆ ನೌಕರನಿಗೆ ಅದು ಮೌಖಿಕವಾಗಿ ಲಭ್ಯ. ವಾರಣಾಸಿಯ ಬದಲು ಯಾದಗಿರಿಗೆ ವರ್ಗಾವಣೆ.

ಕಾನೂನಿಗೇನೂ ಕೊರತೆಯಿಲ್ಲ. ತೆರೆದ ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ ಕಾಯ್ದೆ 1981ರದು. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲಗಳ ಜೊತೆಗೆ ಫ್ಲೆಕ್ಸು, ಬ್ಯಾನರು, ಬಂಟಿಂಗುಗಳನ್ನೂ ನಿಷೇಧಿಸಿತು. 2018ರ ಆಗಸ್ಟ್‌ನಲ್ಲಿ ಹೈಕೋರ್ಟು ಚಾಟಿ ಬೀಸಿದಾಗ ಬೆಂಗಳೂರಿನಲ್ಲಿ ಸಾವಿರಾರು ಫ್ಲೆಕ್ಸುಗಳು ನೆಲಕ್ಕಿಳಿದವು. ಆ ಕೆಲವು ವಾರ ಊರಿನ ಮರಗಳು, ಕಟ್ಟಡಗಳ ಕಿಟಕಿಗಳು, ಕೆಲವು ರಸ್ತೆಗಳ ಹೆಸರು ಬರೆದ ಫಲಕಗಳು ಹೊಸದಾಗಿ ಬೆಳಕಿಗೆ ಬಂದವು. ಉತ್ಖನನವೆಂದರೆ ಅದು. 2023ರಲ್ಲಿ ಬೆಂಗಳೂರಿನ ಉಸ್ತುವಾರಿ ಹೊತ್ತ ಉಪಮುಖ್ಯಮಂತ್ರಿಗಳು ಅನಧಿಕೃತ ಫ್ಲೆಕ್ಸೊಂದಕ್ಕೆ 50,000 ರೂಪಾಯಿ ದಂಡ ಎಂದು ಸಾರಿದರು. ನಿಷೇಧಿಸಿದವರಿಗೆ ಅಭಿನಂದನೆ ಸಲ್ಲಿಸುವ ಫ್ಲೆಕ್ಸ್ ಇನ್ನೂ ನನ್ನ ಸಂಗ್ರಹಕ್ಕೆ ಬಂದಿಲ್ಲ. ಬಂದರೆ ಅಚ್ಚರಿಪಡುವುದಿಲ್ಲ.

ಶಾಸನಗಳಿಗಾಗಿ ಯುದ್ಧವೂ ನಡೆದಿದೆ. 2022ರ ಸ್ವಾತಂತ್ರ್ಯ ದಿನದಂದು ಶಿವಮೊಗ್ಗದ ಅಮೀರ್ ಅಹ್ಮದ್ ಸರ್ಕಲ್ಲಿನಲ್ಲಿ ಸಾವರ್ಕರ್ ಫ್ಲೆಕ್ಸಿನ ವಿಷಯಕ್ಕೆ ಗಲಾಟೆಯಾಗಿ, ಚೂರಿ ಇರಿತವಾಗಿ, ಊರಿಗೇ ನಿಷೇಧಾಜ್ಞೆ ಬಿತ್ತು. ಅಂಗಡಿ ಮುಚ್ಚಿ ದಿನದ ವ್ಯಾಪಾರ ಕಳಕೊಂಡವರಲ್ಲಿ ಎರಡೂ ಕಡೆಯವರಿದ್ದರು.

ಇಲ್ಲಿ ಪ್ರಬಂಧದ ಧಾಟಿಯನ್ನು ಸ್ವಲ್ಪ ಹೊತ್ತು ಬಿಡಬೇಕಾಗುತ್ತದೆ. ಚೆನ್ನೈಯಲ್ಲಿ 2019ರ ಸೆಪ್ಟೆಂಬರಿನಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದ 23 ವರ್ಷದ ಹೆಣ್ಣುಮಗಳ ಮೇಲೆ ಮದುವೆಯೊಂದರ ಬ್ಯಾನರ್ ಬಿತ್ತು, ಹಿಂದಿನಿಂದ ಬಂದ ನೀರಿನ ಟ್ಯಾಂಕರ್ ಹರಿಯಿತು. 2024ರ ಜನವರಿಯಲ್ಲಿ ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿಯಲ್ಲಿ ನಟ ಯಶ್ ಹುಟ್ಟುಹಬ್ಬಕ್ಕೆ ಮಧ್ಯರಾತ್ರಿ ಕಟೌಟು ನಿಲ್ಲಿಸುವಾಗ ವಿದ್ಯುತ್ ತಂತಿ ತಗುಲಿ ಮೂವರು ಯುವಕರು ಸತ್ತರು. ನಟ ಅವತ್ತೇ ಆ ಊರಿಗೆ ಹೋಗಿ ಮನೆಯವರನ್ನು ಕಂಡರು. ಹತ್ತನೆಯ ಶತಮಾನದ ಆತಕೂರಿನ ಶಾಸನದಲ್ಲಿ ಕಾಳಿ ಎಂಬ ನಾಯಿಗೂ ವೀರಗಲ್ಲಿದೆ. ಹಂದಿಯೊಡನೆ ಹೋರಾಡಿ ಸತ್ತ ನಾಯಿ ಅದು. ಅದರ ಹೆಸರನ್ನು ಸಾವಿರ ವರ್ಷ ಉಳಿಯುವ ಹಾಗೆ ಕಲ್ಲಿನಲ್ಲಿ ಕೆತ್ತಿ, ಪೂಜೆಗೆ ಏರ್ಪಾಡು ಮಾಡಿದ ನಾಡು ಇದು. ತಂತಿಯ ಕೆಳಗೆ ಬಿದ್ದ ಹುಡುಗರಿಗೆ ಸಿಕ್ಕಿದ್ದೂ ಒಂದು ಫ್ಲೆಕ್ಸ್.

ಜೀರ್ಣೋದ್ಧಾರ

ಹಳೆಯ ಶಾಸನಗಳು ಬಟ್ಟೆ ಒಗೆಯುವ ಕಲ್ಲಾಗಿ, ಮೋರಿಯ ಚಪ್ಪಡಿಯಾಗಿ ಸಿಕ್ಕಿದ ಕಥೆಗಳನ್ನು ಸಂಶೋಧಕರು ನೊಂದುಕೊಂಡು ಹೇಳುತ್ತಾರೆ. ಫ್ಲೆಕ್ಸಿನ ವಿಷಯದಲ್ಲಿ ನನಗೆ ನೋವಿಲ್ಲ, ಅದರ ಬಾಳು ಶುರುವಾಗುವುದೇ ಹಾಗೆ. ಕಾರ್ಯಕ್ರಮ ಮುಗಿದ ರಾತ್ರಿಯೇ ರೀಪು ಒಬ್ಬರ ಒಲೆಗೆ, ಹಾಳೆ ಇನ್ನೊಬ್ಬರ ಮನೆಗೆ. ಕಟ್ಟಡ ಕೆಲಸದವರ ಶೆಡ್ಡಿಗೆ ಅದೇ ಸೂರು. ತುಮಕೂರು ಕಡೆ ರಾಗಿ ಬಣವೆಗೆ ಅದನ್ನೇ ಹೊದಿಸಿರುವುದನ್ನು ನೋಡಿದ್ದೇನೆ. ಮಳೆಯಲ್ಲಿ ತರಕಾರಿ ಗಾಡಿಯ ಮೇಲೆ ಅದು, ಆಟೋ ಸೀಟಿನ ಅಡಿ ಅದು, ಸಂತೆಯಲ್ಲಿ ಸೊಪ್ಪು ಹರಡಲು ಅದು. ಐದು ವರ್ಷದಲ್ಲಿ ಒಮ್ಮೆಯೂ ಗುಡಿಸಲಿಗೆ ಕಾಲಿಡದ ಜನಪ್ರತಿನಿಧಿ ಇಡೀ ಮಳೆಗಾಲ ಅದರ ಚಾವಣಿಯಾಗಿ ಅಂಜಲಿ ಮುದ್ರೆಯಲ್ಲಿ ತಲೆಕೆಳಗಾಗಿ ಮಲಗಿರುತ್ತಾರೆ. ಸೋರುವುದಿಲ್ಲ. ಆ ಸೇವೆಯನ್ನು ನಿಂದಿಸುವಂತಿಲ್ಲ, ಕ್ಷೇತ್ರಕ್ಕೆ ಅವರಿಂದ ಆದ ಖಚಿತ ಉಪಯೋಗ ಇದೊಂದೇ ಇರಬಹುದು.

ನಮ್ಮ ಪಕ್ಕದ ಬೀದಿಯ ಹೂವಿನ ಅಜ್ಜಿಯ ಕೂರುವ ಹಾಳೆಯಲ್ಲಿ ಮೂರು ಪಕ್ಷದ ಮುಖಗಳಿವೆ. ಮೂರನ್ನೂ ಸೇರಿಸಿ ದಬ್ಬಳದಿಂದ ಹೊಲಿದಿದ್ದಾರೆ. ಸಮ್ಮಿಶ್ರ ಸರ್ಕಾರದ ಪ್ರಯೋಗಗಳಲ್ಲಿ ಇದೇ ಹೆಚ್ಚು ಕಾಲ ಬಾಳಿದೆ. ‘ಅಜ್ಜಿ, ಇವರೆಲ್ಲ ಯಾರು ಗೊತ್ತಾ?’ ಎಂದು ಕೇಳಿದೆ. ‘ಯಾರಾದ್ರೆ ಏನಪ್ಪ, ದಪ್ಪಗವ್ರೆ’ ಎಂದರು. ಹಾಳೆಯ ದಪ್ಪವನ್ನು ಹೇಳಿದರೋ ಮುಖಗಳದ್ದೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ.

ಕೊನೆಯದಾಗಿ ಓದುಗರಲ್ಲಿ ಒಂದು ವಿನಂತಿ. ನಿಯಮದ ಪ್ರಕಾರ ರಸ್ತೆಬದಿಯ ಜಾಹೀರಾತಿಗೆ ಸ್ಥಳೀಯ ಸಂಸ್ಥೆಯ ಅನುಮತಿ ಇರಬೇಕು. ಅನುಮತಿ ಪತ್ರದ ಸಂಖ್ಯೆಯನ್ನೂ ದಿನಾಂಕವನ್ನೂ ತಳದಲ್ಲಿ ಮುದ್ರಿಸಿದ ಹುಟ್ಟುಹಬ್ಬದ ಫ್ಲೆಕ್ಸ್ ಕರ್ನಾಟಕದ ಯಾವುದೇ ಊರಿನಲ್ಲಿ ನಿಮ್ಮ ಕಣ್ಣಿಗೆ ಬಿದ್ದರೆ ದಯವಿಟ್ಟು ಅದನ್ನು ಮುಟ್ಟಬೇಡಿ, ಯಾರಿಗಾದರೂ ಕಾವಲು ಹೇಳಿ ಕೂಡಲೇ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಬಸ್ ಚಾರ್ಜು ನನ್ನದು.